ಎರಡನೇ ತಿಂಗಳ ಗುಳಿಗೆ

ಮನಸ್ಸಿನ ಕಾಯಿಲೆಗೆ ಗುಳಿಗೆ ಬೇಕೋ ಬೇಡವೋ ಎಂಬ ವಾದ ದೊಡ್ಡ ಊರುಗಳ ಸಭೆಗಳಲ್ಲಿ ಆಗಾಗ ನಡೆಯುತ್ತಿರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಆ ವಾದಕ್ಕೆ ಜಾಗವೇ ಇಲ್ಲ. ಇಲ್ಲಿ ಗುಳಿಗೆ ಶುರುವಾಗಿರುತ್ತದೆ, ನಿಂತೂ ಹೋಗಿರುತ್ತದೆ. ಯಾಕೆ ಶುರುವಾಯಿತು, ಯಾಕೆ ನಿಂತಿತು ಎಂದು ಕೂತು ಕೇಳುವವರು ಮಾತ್ರ ಸಿಗುವುದಿಲ್ಲ.

ಯಲಬುರ್ಗಾ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಇಪ್ಪತ್ತೆರಡರ ಮಗ ಮೂರು ತಿಂಗಳಿಂದ ನಿದ್ದೆಗೆಟ್ಟಿದ್ದಾನೆ. ಓಣಿಯವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಾನೆ, ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡುತ್ತಾನೆ, ಊಟದಲ್ಲಿ ವಿಷ ಹಾಕಿದ್ದಾರೆಂದು ತಾಟು ದೂಡುತ್ತಾನೆ. ‘ಗಾಳಿ ಸೋಕೇತಿ’ ಎಂದು ಅಂತ್ರ ಕಟ್ಟಿಸಿದ್ದಾಯಿತು, ಲಿಂಬೆಹಣ್ಣು ಇಳಿಸಿದ್ದಾಯಿತು, ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಮಂಗಳವಾರ ನಡೆದದ್ದೂ ಆಯಿತು. ಕೊನೆಗೆ ಯಾರೋ ಹೇಳಿದರೆಂದು ಧಾರವಾಡದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ತಿಂಗಳ ಗುಳಿಗೆ ಬಂತು. ಕೆಲವೇ ವಾರಗಳಲ್ಲಿ ಹುಡುಗ ರಾತ್ರಿ ಮಲಗಿದ, ರೊಟ್ಟಿ ಕೇಳಿ ತಿಂದ, ಹೊಲಕ್ಕೂ ಹೋಗಿ ಬಂದ. ಗುಳಿಗೆ ಮುಗಿಯುವ ಹೊತ್ತಿಗೆ ಅಪ್ಪ ಲೆಕ್ಕ ಹಾಕುತ್ತಾನೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ತಾಯಿಯ ಚಾರ್ಜು ಈಗ ಉಳಿಯುತ್ತದೆ, ಆದರೆ ಮಗನ ಚಾರ್ಜು, ಎರಡು ದಿನದ ಕೂಲಿ, ದಾರಿಯ ಊಟ ಉಳಿಯುವುದಿಲ್ಲ. ‘ಈಗ ಆರಾಮ ಆಗ್ಯಾನಲ್ಲ, ಮತ್ಯಾಕ ಗುಳಿಗಿ?’ ಅಷ್ಟರಲ್ಲಿ ಗುಳೆ ಹೋಗುವ ಕಾಲ ಬರುತ್ತದೆ. ಮನೆಮಂದಿ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ನಾಲ್ಕೈದು ತಿಂಗಳಿಗೆ ಆ ಧ್ವನಿಗಳು ತಿರುಗಿ ಬರುತ್ತವೆ, ಮೊದಲಿಗಿಂತ ಜೋರಾಗಿ. ಊರಿಗೆ ಮರಳಿದವರ ತೀರ್ಮಾನ ಒಂದೇ: ‘ಗುಳಿಗಿಯಿಂದ ಏನೂ ಆಗಲಿಲ್ಲ.’

ಗುಳಿಗೆಯಿಂದ ಆಗಿತ್ತು. ಎರಡನೇ ತಿಂಗಳ ಗುಳಿಗೆ ಬರಲಿಲ್ಲ, ಅಷ್ಟೇ. ಈ ತಪ್ಪನ್ನು ಅಪ್ಪನ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. ನೆಗಡಿ ಜ್ವರಕ್ಕೆ ಐದು ದಿನದ ಗುಳಿಗೆ ನುಂಗಿ ಬಿಟ್ಟವನಿಗೆ, ಆರಾಮಾದ ಮೇಲೂ ಯಾಕೆ ನುಂಗಬೇಕೆಂದು ಯಾರೂ ಬಿಡಿಸಿ ಹೇಳಿಲ್ಲ. ಹೇಳಿದ್ದರೂ ಆ ಗುಳಿಗೆ ಅವನ ಊರಿನ ಸನಿಹದಲ್ಲಿ ಎಲ್ಲೂ ಸಿಗುವುದಿಲ್ಲ. ಮಾನಸಿಕ ಕಾಯಿಲೆಯ ಔಷಧಿ ತಿಂಗಳಿಂದ ತಿಂಗಳಿಗೆ ತಪ್ಪದೆ ಕೈಗೆಟಕುವುದು, ಜೊತೆಗೆ ಅದರ ಬಗ್ಗೆ ನಾಲ್ಕು ಮಾತು ಅರ್ಥವಾಗುವಂತೆ ಹೇಳುವುದು ಚಿಕಿತ್ಸೆಯ ಅರ್ಧಭಾಗ. ಆ ಅರ್ಧವನ್ನು ಕೊಡದೆ ಗುಳಿಗೆ ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುವ ಹಕ್ಕು ನಮಗಿಲ್ಲ ಎಂಬುದು ನನ್ನ ವಾದ.

ಈ ಔಷಧಿಗಳ ಚರಿತ್ರೆ ಬಹಳ ಹಳೆಯದಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಎಂಬ ಲವಣ ಅತಿ ಉನ್ಮಾದದ ರೋಗಿಗಳನ್ನು ಶಾಂತಗೊಳಿಸುತ್ತದೆಂದು ಕಂಡುಕೊಂಡರು. 1952ರಲ್ಲಿ ಪ್ಯಾರಿಸ್ಸಿನ ಝಾಂ ಡಿಲೇ, ಪಿಯೆರ್ ಡೆನಿಕರ್ ಕ್ಲೋರ್‌ಪ್ರೊಮಜೀನ್ ಬಳಸಿ, ಚಿತ್ತಭ್ರಮೆಯ ರೋಗಿಗಳನ್ನು ಕಟ್ಟಿಹಾಕದೆ ನೋಡಿಕೊಳ್ಳಬಹುದೆಂದು ತೋರಿಸಿದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಖಿನ್ನತೆಗೆ ಇಮಿಪ್ರಮಿನ್ ಕೆಲಸ ಮಾಡುವುದನ್ನು ವರದಿ ಮಾಡಿದರು. ಇದೆಲ್ಲ ಪರದೇಶದಿಂದ ಬಂದ ವಿದ್ಯೆ ಎನ್ನುವವರು ಇನ್ನೊಂದನ್ನೂ ನೆನೆಯಬೇಕು. ಇವೆಲ್ಲಕ್ಕೂ ಮುಂಚೆ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ನಮ್ಮ ಸರ್ಪಗಂಧಿ ಬೇರು ರಕ್ತದೊತ್ತಡವನ್ನೂ ಹುಚ್ಚಿನ ಆವೇಶವನ್ನೂ ಇಳಿಸುತ್ತದೆಂದು ಬರೆದಿದ್ದರು. ಮುಂದೆ ಅದೇ ಬೇರಿನಿಂದ ತೆಗೆದ ರಿಸರ್ಪಿನ್ ಅಮೆರಿಕದ ಆಸ್ಪತ್ರೆಗಳನ್ನು ಸೇರಿತು.

ಔಷಧಿ ಮುಂದುವರಿಸಿದರೆ ಎಷ್ಟು ಲಾಭ? ಸ್ಕಿಜೋಫ್ರೇನಿಯಾ ಎಂಬ ಚಿತ್ತಭ್ರಮೆಯ ಕಾಯಿಲೆಯ ಬಗ್ಗೆ ನಡೆದ 65 ಪರೀಕ್ಷೆಗಳನ್ನು ಒಟ್ಟುಮಾಡಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕ ಸ್ಪಷ್ಟವಾಗಿದೆ. ಸುಮಾರು ಒಂದು ವರ್ಷದೊಳಗೆ ಔಷಧಿ ಮುಂದುವರಿಸಿದವರಲ್ಲಿ ಶೇ 27 ಮಂದಿಗೆ ಕಾಯಿಲೆ ಮರುಕಳಿಸಿತು, ಔಷಧಿಯ ಬದಲು ಸತ್ವವಿಲ್ಲದ ಗುಳಿಗೆ ತೆಗೆದುಕೊಂಡವರಲ್ಲಿ ಶೇ 64 ಮಂದಿಗೆ. ವೈದ್ಯಶಾಸ್ತ್ರದಲ್ಲಿ ಇಷ್ಟು ದೊಡ್ಡ ಅಂತರ ದಿನವೂ ಕಾಣುವಂಥದ್ದಲ್ಲ. ಆ ಯಲಬುರ್ಗಾ ಹುಡುಗ ನಿಂತಿರುವುದು ಈ 27ಕ್ಕೂ 64ಕ್ಕೂ ನಡುವೆ.

ಖಿನ್ನತೆಯ ವಿಷಯ ಬೇರೆ. ಅಲ್ಲಿ ಲಾಭ ಇಷ್ಟು ದೊಡ್ಡದಲ್ಲ, ಎದ್ದು ಕಾಣುವಂಥದ್ದೂ ಅಲ್ಲ. 2018ರಲ್ಲಿ 522 ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ 21 ಔಷಧಿಗಳೂ ಸತ್ವವಿಲ್ಲದ ಗುಳಿಗೆಗಿಂತ ಮೇಲೆಂದು ಕಂಡವು, ಆದರೆ ಸರಾಸರಿ ಲಾಭ ಸಾಧಾರಣ. ಫ್ಲುಒಕ್ಸೆಟಿನ್, ಎಸ್ಸಿಟಲೊಪ್ರಾಮ್, ಸರ್ಟ್ರಲಿನ್ ಮುಂತಾದ ಈ ಗುಳಿಗೆಗಳಿಗೆ ಇನ್ನೊಂದು ಗುಣವಿದೆ: ತೊಂದರೆ ಮೊದಲು ಬರುತ್ತದೆ, ಫಲ ತಡವಾಗಿ ಬರುತ್ತದೆ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ತಲೆ ನೋಯುತ್ತದೆ, ಕೆಲವರಿಗೆ ಚಡಪಡಿಕೆ ಹೆಚ್ಚಾಗುತ್ತದೆ. ಮನಸ್ಸು ಹಗುರಾಗುವುದು ಎರಡು ವಾರ ಕಳೆದ ಮೇಲೆ, ಕೆಲವರಲ್ಲಿ ನಾಲ್ಕರಿಂದ ಆರು ವಾರಕ್ಕೆ. ಆಮೇಲೂ ಮೊದಲ ಸಲ ಖಿನ್ನತೆ ಬಂದವರು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ನಿಲ್ಲಿಸುವಾಗ ಒಮ್ಮೆಲೇ ಬಿಡದೆ ಹಂತಹಂತವಾಗಿ ಇಳಿಸಬೇಕು. ಹೊಟ್ಟೆ ತೊಳಸಿದರೂ ಹದಿನೈದು ದಿನ ಕಾಯಬೇಕೆಂದು ಮೊದಲೇ ಹೇಳದಿದ್ದರೆ ಕುಷ್ಟಗಿಯ ಹೆಣ್ಣುಮಗಳೊಬ್ಬಳು ಮೂರನೇ ದಿನಕ್ಕೆ ಆ ಚೀಟಿಯನ್ನು ಗೂಟಕ್ಕೆ ಸಿಕ್ಕಿಸಿ ಬಿಡುತ್ತಾಳೆ. ಅವಳ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತೇವೆ.

ಅದೇ ಹೊತ್ತಿಗೆ ಅಂದೇ ರಾತ್ರಿ ಫಲ ಕೊಡುವ ಗುಳಿಗೆಯೊಂದು ಮೆಡಿಕಲ್ ಅಂಗಡಿಯ ಡಬ್ಬಿಯಲ್ಲಿದೆ. ‘ನಿದ್ದಿ ಬರೂ ಗುಳಿಗಿ ನಾಕು ಕೊಡ್ರಿ ಅಣ್ಣಾರ.’ ಅಂಗಡಿಯವ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಹೆಸರು, ತಾರೀಖು ಇರುವ ತುದಿ ಅವನ ಡಬ್ಬಿಯಲ್ಲೇ ಉಳಿಯುತ್ತದೆ. ಕೊಂಡವರ ಕೈಗೆ ಬರುವುದು ಹೆಸರಿಲ್ಲದ ನಾಲ್ಕು ಗುಳಿಗೆ. ಅಲ್ಪ್ರಜೋಲಂ, ಡೈಜೆಪಾಂ, ನೈಟ್ರಜೆಪಾಂ, ಇವೆಲ್ಲ ಒಂದೇ ಕುಲದವು. ತೀವ್ರ ಆತಂಕದ ಕೆಲವು ದಿನಗಳಿಗೆ, ಕುಡಿತ ಬಿಡಿಸುವಾಗಿನ ನಡುಕಕ್ಕೆ, ಫಿಟ್ಸಿಗೆ ಇವು ನಿಜಕ್ಕೂ ಬೇಕು. ಕೆಲವು ವಾರ ದಿನವೂ ನುಂಗಿದರೆ ಮಾತ್ರ ದೇಹ ಇವಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಬಿಟ್ಟ ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಮುದುಕರಲ್ಲಿ ರಾತ್ರಿ ಎದ್ದು ಬಿದ್ದು ತೊಡೆಯ ಮೂಳೆ ಮುರಿಯುವುದಕ್ಕೂ ಇವು ಕಾರಣ. ‘ತಲಿ ಗುಳಿಗಿ ಚಟ ಆಗ್ತಾವ’ ಎಂದು ಜನ ಹೇಳುವುದು ಈ ಕುಲದ ಮಟ್ಟಿಗೆ ನಿಜ. ಖಿನ್ನತೆಯ ಗುಳಿಗೆಗೂ ಸ್ಕಿಜೋಫ್ರೇನಿಯಾದ ಗುಳಿಗೆಗೂ ಅಂಥ ಚಟವಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಬಿಡಬೇಕಾದ್ದನ್ನು ಹಿಡಿದುಕೊಂಡಿದ್ದೇವೆ, ಹಿಡಿಯಬೇಕಾದ್ದನ್ನು ಬಿಟ್ಟಿದ್ದೇವೆ.

ಚೀಟಿಯಿಲ್ಲದೆ ನಡೆಯುವ ಈ ಮಾರಾಟವನ್ನು ಕಾನೂನು ಕಂಡಿಲ್ಲವೆಂದಲ್ಲ. 2014ರ ಮಾರ್ಚಿನಿಂದ ಜಾರಿಗೆ ಬಂದ ಔಷಧಿ ನಿಯಮಗಳ ಎಚ್1 ಅನುಸೂಚಿಯಲ್ಲಿ ಅಲ್ಪ್ರಜೋಲಂ, ಡೈಜೆಪಾಂ, ನೈಟ್ರಜೆಪಾಂ, ಜೋಲ್ಪಿಡೆಂ ಸೇರಿವೆ. ಮಾರುವವನು ಬೇರೆಯೇ ದಫ್ತರದಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿಯ ಪ್ರಮಾಣ ಬರೆದು ಮೂರು ವರ್ಷ ಕಾಪಾಡಿ ಇಡಬೇಕು. ಈ ಒಂದು ದಫ್ತರವನ್ನು ತಾಲ್ಲೂಕಿನ ಪ್ರತಿ ಅಂಗಡಿಯಲ್ಲಿ ತೆರೆದು ನೋಡುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಹಣವೂ ಬೇಕಿಲ್ಲ.

ಪಕ್ಕದ ರಾಯಚೂರು ಸೀಮೆಯ ಕಲಬೆರಕೆ ಸೇಂದಿಯ ಮಾತನ್ನು ಇಲ್ಲೇ ಹೇಳಬೇಕು. 1997ರವರೆಗೆ ಕೊಪ್ಪಳವೂ ಆ ಜಿಲ್ಲೆಯದೇ ಭಾಗವಾಗಿತ್ತು. ಈಚಲ ಮರ ಕಾಣದ ಆ ಸೇಂದಿಯಲ್ಲಿ ಅಮಲೇರಿಸುವುದು ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಮಲಗಿಸಲು ಕೊಡುತ್ತಿದ್ದ ಔಷಧಿ ಅದು. ಗಡಿಯಾಚೆಯ ತೆಲಂಗಾಣದಲ್ಲಿ ಆ ಜಾಗಕ್ಕೆ ಡೈಜೆಪಾಂ, ಅಲ್ಪ್ರಜೋಲಂ ಬಂದಿವೆ. ಕೂಲಿ ಮುಗಿಸಿ ಬಂದವನು ಮನೋವೈದ್ಯರ ಔಷಧಿಯನ್ನು ಲೋಟದಲ್ಲಿ ಕುಡಿಯುತ್ತಿದ್ದಾನೆ, ಪ್ರಮಾಣ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಅದು ಸಿಗದ ದಿನ ಕೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ. ಆತಂಕಕ್ಕೆ, ನಿದ್ದೆಗೇಡಿಗೆ, ದುಡಿದು ದಣಿದ ಮೈಗೆ ಸರಿಯಾದ ದಾರಿಯಲ್ಲಿ ನೆರವು ತಲುಪದ ಕಡೆ ಅಡ್ಡದಾರಿಯಲ್ಲಿ ಇಂಥದ್ದು ತಲುಪುತ್ತದೆ. ಈ ಸೀಮೆ ಗುಳಿಗೆಗೆ ಹೆದರುತ್ತದೆ ಎಂಬ ಮಾತನ್ನು ನಾನು ಅದಕ್ಕೇ ಒಪ್ಪುವುದಿಲ್ಲ.

ಅಡ್ಡಪರಿಣಾಮದ ಪ್ರಶ್ನೆಯನ್ನು ಮುಚ್ಚಿಟ್ಟು ಯಾರಿಗೂ ಔಷಧಿ ನುಂಗಿಸಲಾಗದು, ನುಂಗಿಸಲೂ ಬಾರದು. ಇಲ್ಲಿನ ಬಿಸಿಲು, ಇಲ್ಲಿನ ದುಡಿಮೆ, ಇಲ್ಲಿನ ಮದುವೆಯ ವಯಸ್ಸು ಇವೆಲ್ಲ ಈ ಔಷಧಿಗಳೊಡನೆ ಹೇಗೆ ತಾಕಲಾಡುತ್ತವೆ ಎಂಬುದು ಬೆಂಗಳೂರಿನಲ್ಲಿ ಅಚ್ಚಾದ ಕೈಪಿಡಿಯಲ್ಲಿ ಇರುವುದಿಲ್ಲ.

ಲಿಥಿಯಂ ತೆಗೆದುಕೊಳ್ಳಿ. ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಇಂದಿಗೂ ಅದಕ್ಕೆ ಸರಿಸಾಟಿಯಾದ ಔಷಧಿ ಕಡಿಮೆ. ಆತ್ಮಹತ್ಯೆಯನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಆದರೆ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಚಿಕ್ಕದು. ರಕ್ತದಲ್ಲಿ 0.6ರಿಂದ 1.0 ಸುಮಾರಿಗಿದ್ದರೆ ಗುಣ, 1.5 ದಾಟಿದರೆ ಅಪಾಯ. ಬೆವರು ಹರಿದು ಮೈಯ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಉಪ್ಪಿನ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕುಷ್ಟಗಿಯ ಗ್ರಾನೈಟ್ ಕ್ವಾರಿಯಲ್ಲೋ ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವಲ್ಲೋ ದುಡಿಯುವವನಿಗೆ ಇದು ಪುಸ್ತಕದ ಮಾತಲ್ಲ. ಸಂಜೆ ಮೈಕೈ ನೋವಿಗೆ ಡೈಕ್ಲೊಫೆನಾಕ್ ಗುಳಿಗೆ ನುಂಗಿದರೆ ಲಿಥಿಯಂ ಮಟ್ಟ ಇನ್ನೂ ಏರುತ್ತದೆ. ಕೈ ಒರಟಾಗಿ ನಡುಗಿದರೆ, ವಾಂತಿ ಭೇದಿ ಹತ್ತಿದರೆ, ಮಾತು ತೊದಲಿದರೆ, ನಡೆ ತಪ್ಪಿದರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದನ್ನು ಚೀಟಿಯ ಹಿಂದೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡಲು ಎಷ್ಟು ಹೊತ್ತು ಬೇಕು? ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಲಿಥಿಯಂ ಮಟ್ಟದ ರಕ್ತಪರೀಕ್ಷೆ ಜಿಲ್ಲೆಯ ಎಲ್ಲ ತಾಲ್ಲೂಕಿನ ರೋಗಿಗಳಿಗೆ ಪುಕ್ಕಟೆಯಾಗಿ, ಅದೇ ವಾರ ಸಿಗುವಂತೆ ಮಾಡುವುದು ಅಂಥ ಸಂಸ್ಥೆಯಿಂದ ಕೇಳಬಹುದಾದ ಅತಿ ಸಣ್ಣ ಕೆಲಸ.

ಹೆಣ್ಣುಮಕ್ಕಳ ವಿಷಯದಲ್ಲಿ ಮೌನ ಇನ್ನೂ ಹೆಚ್ಚು. ಚಿತ್ತಭ್ರಮೆಗೆ ಕೊಡುವ ರಿಸ್ಪೆರಿಡೋನ್ ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಮುಟ್ಟು ನಿಲ್ಲುತ್ತದೆ, ಬಾಣಂತಿಯಲ್ಲದ ಹೆಂಗಸಿನ ಎದೆಯಲ್ಲಿ ಹಾಲು ಬರುತ್ತದೆ. ಮದುವೆಯಾಗಿ ಎರಡು ವರ್ಷವಾದ ಸೊಸೆಗೆ ಮುಟ್ಟು ನಿಂತಿತೆಂದರೆ ಮನೆಯಲ್ಲಿ ಮೊದಲು ಸಂಭ್ರಮ. ಬಸಿರಲ್ಲವೆಂದು ಗೊತ್ತಾದ ದಿನ ಬೈಗುಳ. ಔಷಧಿ ಬದಲಿಸಿದರೆ ಅಥವಾ ಪ್ರಮಾಣ ಇಳಿಸಿದರೆ ಸರಿಹೋಗುವ ತೊಂದರೆ ಅದು. ಗಂಡು ಡಾಕ್ಟರ ಎದುರು, ಅತ್ತೆ ಪಕ್ಕದಲ್ಲಿರುವಾಗ ಅವಳು ಅದನ್ನು ಬಾಯಿಬಿಟ್ಟು ಹೇಳಲಾರಳು. ಕೇಳಬೇಕಾದವರು ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆ. ಇದಕ್ಕಿಂತ ಗಂಭೀರವಾದದ್ದು ವಾಲ್ಪ್ರೊಯೇಟ್. ಬಸಿರಿನಲ್ಲಿ ಅದನ್ನು ನುಂಗಿದ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟು ನ್ಯೂನತೆ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಕಂಡುಬಂದಿದೆ. ಹದಿಹರೆಯದಲ್ಲೇ ಮದುವೆ ಮಾಡುವ ರೂಢಿ ಪೂರ್ತಿ ನಿಲ್ಲದ ಸೀಮೆಯಲ್ಲಿ, ಫಿಟ್ಸಿಗೋ ಬೈಪೋಲಾರ್‌ಗೋ ಈ ಗುಳಿಗೆ ಶುರುಮಾಡುವಾಗ ಬಸಿರಿನ ಮಾತು ಎತ್ತದಿರುವುದು ಅಪರಾಧಕ್ಕೆ ಹತ್ತಿರ ಎಂದೇ ನಾನು ಭಾವಿಸುತ್ತೇನೆ. ಹಾಗೆಂದು ಇದನ್ನು ಓದಿದವರು ನಾಳೆಯೇ ಗುಳಿಗೆ ಬಿಡಬಾರದು. ಫಿಟ್ಸಿನ ರೋಗಿ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ವೈದ್ಯರ ಬಳಿ ಹೋಗಿ ಬದಲಾವಣೆ ಕೇಳಬೇಕು.

ಚಿತ್ತಭ್ರಮೆಗೇ ಕೊಡುವ ಒಲಾಂಜಪಿನ್‌ನಿಂದ ಮೈ ತೂಕ, ಸಕ್ಕರೆ ಏರುತ್ತದೆ. ಆ ಕಾಯಿಲೆಯ ಹಳೆಯ ಔಷಧಿಗಳಿಂದ ಮೈ ಸೆಡೆಯುತ್ತದೆ, ಕೈ ನಡುಗುತ್ತದೆ. ಖಿನ್ನತೆಯ ಗುಳಿಗೆಗಳಿಂದ ಗಂಡಹೆಂಡಿರ ಸಂಬಂಧದಲ್ಲಿ ಆಸಕ್ತಿ ತಗ್ಗುತ್ತದೆ; ಗಂಡಸರು ಹೇಳದೆ ಕೇಳದೆ ಗುಳಿಗೆ ಬಿಡಲು ಇದು ಸಾಕು. ಪ್ರತಿಯೊಂದಕ್ಕೂ ಉಪಾಯವಿದೆ, ಬಾಯಿಬಿಟ್ಟರೆ.

ಈಗ ಎದುರಿನ ವಾದ. ಔಷಧಿ ಕಂಪನಿಗಳ ವ್ಯಾಪಾರಕ್ಕಾಗಿ ಬಡವರ ದುಃಖವನ್ನೆಲ್ಲ ಕಾಯಿಲೆ ಮಾಡುತ್ತಿದ್ದಾರೆ ಎಂದು ಹಲವು ಗೆಳೆಯರು ಹೇಳುತ್ತಾರೆ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲದಲ್ಲಿ ಬೀಜ ಒಣಗಿದ ರೈತನಿಗೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಾರದೆ ಭತ್ತ ಕೈಕೊಟ್ಟು ಬಡ್ಡಿ ಬೆಳೆದ ಗಂಗಾವತಿಯ ಗುತ್ತಿಗೆ ರೈತನಿಗೆ ಗುಳಿಗೆ ಸಾಲ ತೀರಿಸುತ್ತದೆಯೇ? ತೀರಿಸುವುದಿಲ್ಲ. ಮಿದುಳಿನಲ್ಲಿ ಸೆರೊಟೊನಿನ್ ಕಡಿಮೆಯಾದದ್ದೇ ಖಿನ್ನತೆ ಎಂದು ಬಹುಕಾಲ ಹೇಳುತ್ತಾ ಬಂದ ಸರಳ ವಿವರಣೆಗೂ ಗಟ್ಟಿ ಆಧಾರವಿಲ್ಲವೆಂದು 2022ರಲ್ಲಿ ಬಂದ ವಿಮರ್ಶೆಯೊಂದು ತೋರಿಸಿತು. ಈ ಎರಡನ್ನೂ ನಾನು ಒಪ್ಪುತ್ತೇನೆ. ಆದರೆ ಅವುಗಳಿಂದ ಹೊರಡುವ ತೀರ್ಮಾನ ಬೇರೆ. ಬೆಳೆ ಹೋದ ರೈತರೆಲ್ಲ ತಿಂಗಳುಗಟ್ಟಲೆ ಅನ್ನ ನಿದ್ದೆ ಬಿಟ್ಟು, ಸಾವನ್ನೇ ಧ್ಯಾನಿಸುತ್ತಾ ಮೂಲೆ ಹಿಡಿಯುವುದಿಲ್ಲ. ಮೂಲೆ ಹಿಡಿದವನಿಗೆ ಸಾಲಮನ್ನಾದ ಅರ್ಜಿ ಬರೆಯುವ ಶಕ್ತಿಯೂ ಇರುವುದಿಲ್ಲ. ಪರಿಹಾರವೂ ಬೇಕು, ಚಿಕಿತ್ಸೆಯೂ ಬೇಕು. ಗದ್ದೆಗೆ ಹೊಡೆಯುವ ಕೀಟನಾಶಕದ ಬಾಟಲಿ ಮನೆಯ ಜಂತಿಯಲ್ಲೇ ಇರುವ ಈ ಸೀಮೆಯಲ್ಲಿ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತೇವೆ ಎನ್ನುವಷ್ಟು ವ್ಯವಧಾನವಿಲ್ಲ.

ಸೌಮ್ಯ ಖಿನ್ನತೆಗೆ ಮೊದಲು ಮಾತು, ಆಮೇಲೆ ಗುಳಿಗೆ ಎಂಬುದೂ ವೈದ್ಯಶಾಸ್ತ್ರದ್ದೇ ಸಲಹೆ. ಮಾತಿನ ಚಿಕಿತ್ಸೆಗೆ ದೊಡ್ಡ ಪದವೀಧರರೇ ಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮನಶ್ಶಾಸ್ತ್ರ ಓದಿರದ ಸ್ಥಳೀಯರು ತರಬೇತಿ ಪಡೆದು ಕೆಲವೇ ಭೇಟಿಗಳಲ್ಲಿ ತೀವ್ರ ಖಿನ್ನತೆಯವರನ್ನೂ ಸುಧಾರಿಸಿದರು. ನಮ್ಮ ಜನ ಗುಳೆ ಹೋಗುವ ನಾಡಿನಲ್ಲೇ ನಡೆದ ಕೆಲಸ ಅದು.

ದೇವರ ವಿಷಯದಲ್ಲಿ ನನಗೆ ಜಗಳವಿಲ್ಲ. ಹುಲಿಗೆಮ್ಮನ ಹತ್ತಿರ ಹೋಗುವುದರಿಂದ, ಕೊಪ್ಪಳದ ಗವಿಮಠದಲ್ಲಿ ಒಂದು ಹೊತ್ತು ಕೂತು ಬರುವುದರಿಂದ ನೊಂದ ಮನಸ್ಸಿಗೆ ಸಮಾಧಾನ ಸಿಕ್ಕರೆ ಅದನ್ನು ಕಿತ್ತುಕೊಳ್ಳಲು ನಾವು ಯಾರು? ಬೆತ್ತದ ಏಟು, ಸರಪಳಿ, ಹೊಗೆ ಹಾಕುವುದು ಇವು ಮಾತ್ರ ಒಂದು ಕ್ಷಣವೂ ಸಲ್ಲವು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಆಶ್ರಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತರು. ಹರಕೆಯೂ ನಡೆಯಲಿ, ಗುಳಿಗೆಯೂ ನಡೆಯಲಿ ಎಂದು ಪೂಜಾರಿಯೇ ಹೇಳುವಂತಾದರೆ ಅರ್ಧ ಕೆಲಸ ಆದಂತೆ.

ಇನ್ನು ದಾರಿ ಯಾವುದು? ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ; ತುಂಗಭದ್ರೆ ದಾಟಿದರೆ ಸಾಕು. 1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕಾಗದದ ಮೇಲೆ ಶುರುಮಾಡಿತು. ಅದನ್ನು ನೆಲದ ಮೇಲೆ ಮಾಡಿ ತೋರಿಸಲು ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ 1985ರಿಂದ 1990ರವರೆಗೆ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆ. ಮನೋವೈದ್ಯರನ್ನು ಹಳ್ಳಿಹಳ್ಳಿಗೆ ಕಳಿಸುವ ಆಸೆಯನ್ನು ಅವರು ಇಟ್ಟುಕೊಳ್ಳಲಿಲ್ಲ, ಅಷ್ಟು ಮನೋವೈದ್ಯರು ಇರಲೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗಲೇ ಇದ್ದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ತರಬೇತಿ ಕೊಟ್ಟರು. ಕೇಂದ್ರದ ಬೀರುವಿನಲ್ಲಿ ಬೆರಳೆಣಿಕೆಯ ಔಷಧಿ ಇಟ್ಟರು: ಕ್ಲೋರ್‌ಪ್ರೊಮಜೀನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಫ್ಲುಫೆನಜಿನ್ ಇಂಜೆಕ್ಷನ್, ಫಿಟ್ಸಿಗೆ ಫಿನೊಬಾರ್ಬಿಟೋನ್ ಮತ್ತು ಫಿನಿಟೊಯಿನ್. ಯಾರು ಬಂದರು, ಏನು ಕೊಟ್ಟೆವು ಎಂದು ಬರೆಯಲು ಸರಳ ದಾಖಲೆ, ತಿಂಗಳಿಗೊಮ್ಮೆ ವರದಿ, ಕೈಮೀರಿದ ಪ್ರಕರಣಗಳಿಗೆ ಜಿಲ್ಲಾ ಆಸ್ಪತ್ರೆ. ದೇಶವೆಲ್ಲ ಇದನ್ನು ಬಳ್ಳಾರಿ ಮಾದರಿ ಎಂದು ಕರೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬುನಾದಿಯೇ ಅದು. ಆ ಕಾಲದ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಅದೇ ತಿಳಿವಳಿಕೆಯನ್ನು ಕನ್ನಡದ ಪುಸ್ತಕಗಳ ಮೂಲಕ ಮನೆಮನೆಗೆ ಒಯ್ದರು.

ಆ ಮಾದರಿಯ ತಿರುಳು ಎರಡನೇ ತಿಂಗಳ ಗುಳಿಗೆಯೇ ಆಗಿತ್ತು. ರೋಗಿ ನಡೆದು ಹೋಗಬಲ್ಲ ದೂರದಲ್ಲಿ ಔಷಧಿ, ಬಾರದಿದ್ದರೆ ಅವನ ಮನೆಗೆ ಹೋಗಿ ಕೇಳುವ ಒಬ್ಬ ಕಾರ್ಯಕರ್ತ. ನಾವು ಮುಂದೆ ಕಟ್ಟಿದ್ದು ಬೇರೆ ತರಹದ್ದು. 2014ರಲ್ಲಿ ರಾಜ್ಯ ಮನೋಚೈತನ್ಯ ಕಾರ್ಯಕ್ರಮ ತಂದಿತು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು. ಒಳ್ಳೆಯ ಹೆಜ್ಜೆ, ಧಾರವಾಡದ ದಾರಿಯನ್ನು ತಾಲ್ಲೂಕು ಕೇಂದ್ರಕ್ಕೆ ಮೊಟಕುಗೊಳಿಸಿದ ಹೆಜ್ಜೆ. ಆದರೆ ವಾರಕ್ಕೆ ಒಂದೇ ದಿನ ಎಂದರೆ ಸರದಿ ಉದ್ದವಾಗುತ್ತದೆ, ಮಾತು ಚಿಕ್ಕದಾಗುತ್ತದೆ. ಗುಳಿಗೆಯ ಬಗ್ಗೆ ಹೇಳಬೇಕಾದ ನಾಲ್ಕು ಮಾತೇ ಮೊದಲು ಬಿಟ್ಟುಹೋಗುತ್ತದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ಕಂಡದ್ದು, ಕಾಯಿಲೆಯನ್ನು ಅವಲಂಬಿಸಿ ನೂರರಲ್ಲಿ 70ರಿಂದ 92 ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದಾರೆ ಎಂಬುದನ್ನು. ಬಳ್ಳಾರಿಯ ಪ್ರಯೋಗ ಮುಗಿದು ಕಾಲು ಶತಮಾನ ಕಳೆದ ಮೇಲಿನ ಸ್ಥಿತಿ ಇದು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಮು ಬಹಳ ಜನರಿಗೆ ಗೊತ್ತಿಲ್ಲ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೆ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ, ಪುಕ್ಕಟೆಯಾಗಿ ಸಿಗಬೇಕೆಂದು ಅದು ಹೇಳುತ್ತದೆ. ‘ಎಲ್ಲ ಕಾಲದಲ್ಲೂ’ ಎಂಬ ಮಾತನ್ನು ಹಿಡಿದು ಕೇಳುವ ಹಕ್ಕು ಕಾರಟಗಿಯ ಕೂಲಿಕಾರನಿಗೂ ಇದೆ. ‘ಸ್ಟಾಕ್ ಇಲ್ಲ, ಹೊರಗ ತಗೋರಿ’ ಎಂಬ ಉತ್ತರ ಈ ಕಾಯ್ದೆ ಬಂದ ಮೇಲೆ ಬರೀ ಅನನುಕೂಲವಲ್ಲ, ಕಾನೂನಿನ ಉಲ್ಲಂಘನೆ. ಆದರೂ ಕಾಯ್ದೆ ಸಮುದಾಯ ಆರೋಗ್ಯ ಕೇಂದ್ರದಲ್ಲೇ ನಿಂತುಬಿಟ್ಟಿತು. 1985ರ ಬಳ್ಳಾರಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿದಿತ್ತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆ ಇಂದು ಅಲ್ಲೇ ಸಿಗುತ್ತವೆ. ಪಕ್ಕದ ಅರೆಯಲ್ಲಿ ರಿಸ್ಪೆರಿಡೋನ್, ಫ್ಲುಒಕ್ಸೆಟಿನ್ ಇಡಲು ಅಡ್ಡಿ ಜಾಗದ್ದಲ್ಲ, ದುಡ್ಡಿನದ್ದೂ ಅಲ್ಲ. ಎರಡೂ ಅಗ್ಗದ ಔಷಧಿಗಳು. ಮನೋವೈದ್ಯರು ಒಮ್ಮೆ ನಿರ್ಧರಿಸಿದ ಔಷಧಿಯನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವ ಅಧಿಕಾರವನ್ನು ಅಲ್ಲಿನ ಎಂಬಿಬಿಎಸ್ ವೈದ್ಯರಿಗೆ ಲಿಖಿತವಾಗಿ ಕೊಟ್ಟರೆ, ಅನುಮಾನ ಬಂದಾಗ ಅವರು ಕೇಳಲು ಜಿಲ್ಲೆಯ ಮನೋವೈದ್ಯರ ಫೋನ್ ನಂಬರ್ ಇದ್ದರೆ, ಕೆಲಸ ಸಾಗುತ್ತದೆ. ಮನೆಯವರಿಗೆ ನಡುರಾತ್ರಿ ದಿಕ್ಕು ತೋಚದಾಗ 14416 ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಿಂದ ಕನ್ನಡದಲ್ಲೂ ಉತ್ತರ ಸಿಗುವ ಪುಕ್ಕಟೆ ಸಂಖ್ಯೆ. ಅದನ್ನು ಗುಳಿಗೆ ಹಾಕಿಕೊಡುವ ಕವರಿನ ಮೇಲೆಯೇ ಅಚ್ಚು ಹಾಕಿಸಬಹುದು.

ಗುಳೆಯ ಮಾತು ಉಳಿಯಿತು. ಈ ಸೀಮೆಗೆಂದೇ ಹೇಳಿಮಾಡಿಸಿದಂಥ ಔಷಧಿಯೊಂದಿದೆ: ಫ್ಲುಫೆನಜಿನ್ ಅಥವಾ ಹಾಲೊಪೆರಿಡಾಲ್‌ನ ದೀರ್ಘಕಾಲದ ಇಂಜೆಕ್ಷನ್. ಔಷಧಿಯನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ ಚಿಕ್ಕ ಗಾಜಿನ ಸೀಸೆಯಲ್ಲಿ ತುಂಬಿರುತ್ತಾರೆ. ತಿಳಿ ಹಳದಿ, ಸಾಮಾನ್ಯ ಇಂಜೆಕ್ಷನ್ನಿಗಿಂತ ಮಂದ. ಸೂಜಿಯಲ್ಲಿ ಎಳೆಯಲು ಸಿಸ್ಟರ್ ಸ್ವಲ್ಪ ಹೊತ್ತು ಕಾಯಬೇಕು. ಕುಂಡಿಯ ಮಾಂಸಖಂಡದಲ್ಲಿ ಕೊಟ್ಟರೆ ಎಣ್ಣೆಯಿಂದ ಔಷಧಿ ತುಸುತುಸುವೇ ರಕ್ತಕ್ಕೆ ಇಳಿದು ಎರಡರಿಂದ ನಾಲ್ಕು ವಾರ ಕೆಲಸ ಮಾಡುತ್ತದೆ. ದಿನವೂ ಗುಳಿಗೆ ಮರೆಯುವ, ಕಟ್ಟಡದ ಶೆಡ್ಡಿನಲ್ಲಿ ನಾಲ್ಕು ಜನರ ಮುಂದೆ ಗುಳಿಗೆ ನುಂಗಲು ನಾಚುವ ಹುಡುಗನಿಗೆ ಇದು ದೊಡ್ಡ ಬಿಡುಗಡೆ. ಮೈ ಸೆಡೆತ, ನಡುಕ ಇದರಲ್ಲೂ ಇವೆ, ಅದಕ್ಕೆ ಮದ್ದೂ ಇದೆ. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡಬೇಕು. ಆ ಹುಡುಗ ಮಂಗಳೂರಿನಲ್ಲಿ ಯಾವುದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬಹುದಾದ ಒಂದು ಕಾರ್ಡು ಅವನ ಜೇಬಿನಲ್ಲಿರಬೇಕು. ಔಷಧಿಯ ಹೆಸರು, ಪ್ರಮಾಣ, ಕೊನೆಯ ಇಂಜೆಕ್ಷನ್ ಕೊಟ್ಟ ತಾರೀಖು, ಮುಂದಿನದು ಯಾವಾಗ, ಇಷ್ಟಿದ್ದರೆ ಸಾಕು. ಗುಳಿಗೆ ನುಂಗುವವರಿಗೆ, ಕಾಯಿಲೆ ಹತೋಟಿಯಲ್ಲಿದ್ದು ಅಪಾಯವಿಲ್ಲವೆಂದು ವೈದ್ಯರಿಗೆ ಅನಿಸಿದರೆ, ಒಂದರ ಬದಲು ಮೂರು ತಿಂಗಳ ಗುಳಿಗೆಯನ್ನು ಹೊರಡುವ ಮುಂಚೆಯೇ ಕೊಡಬೇಕು. ಅದನ್ನು ಮನೆಯ ಹಿರಿಯರೊಬ್ಬರು ಕೀಲಿ ಹಾಕಿ ಇಟ್ಟುಕೊಳ್ಳಬೇಕು, ಯಾಕೆಂದರೆ ಹಳೆಯ ಅಮಿಟ್ರಿಪ್ಟಿಲಿನ್‌ನಂಥವು ಒಟ್ಟಿಗೆ ನುಂಗಿದರೆ ಪ್ರಾಣ ತೆಗೆಯುತ್ತವೆ. ಗುಳೆ ಗುಂಪುಗುಂಪಾಗಿ ಹೊರಡುವುದು ಹಿಂಗಾರಿ ಸುಗ್ಗಿ ಮುಗಿಯುವ ಹೊತ್ತಿಗೆ. ಆ ವಾರಗಳಲ್ಲಿ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಬಾಣಂತಿಯರ, ಕೂಸುಗಳ ಹೆಸರಿನ ಕೆಳಗೆ ಈ ರೋಗಿಗಳ ಹೆಸರೂ ಇರಬೇಕು. ಬೇರೆಯವರಿಗೆ ತಿಳಿಯದ ಹಾಗೆ ಅವರ ಮನೆಗೆ ಹೋಗಿ ‘ಯಾವಾಗ ಹೊಂಟೀರಿ, ಗುಳಿಗಿ ಎಷ್ಟು ಉಳದಾವು?’ ಎಂದು ಕೇಳಿ ಬರೆದುಕೊಂಡು, ಬರುವ ಮಂಗಳವಾರವೇ ತಾಲ್ಲೂಕು ಆಸ್ಪತ್ರೆಗೆ ಆ ಪಟ್ಟಿ ಮುಟ್ಟಿಸಬೇಕು. ಈ ಕೆಲಸಕ್ಕೆ ಅವಳಿಗೆ ಬೇರೆಯಾಗಿ ಗೌರವಧನ ಸಿಗಬೇಕು ಎಂಬುದನ್ನೂ ಸೇರಿಸಿಯೇ ಜಿಲ್ಲಾ ಆರೋಗ್ಯ ಸಂಘದ ಮುಂದಿನ ವರ್ಷದ ಯೋಜನೆ ಬರೆಯಬೇಕು.